ಬೆಳಕಿಗೆ ಮೈನಸ್ ಗೊತ್ತಿಲ್ಲ: ಕೋಡ್ ಹುಡುಕುವ ಮೂರು ದಾರಿಗಳು

ಸ್ಪ್ರೆಡ್ ಸ್ಪೆಕ್ಟ್ರಮ್ ಸಂಕೇತ, ಅಂದರೆ ಒಂದು ಕೋಡ್ ಬಳಸಿ ಅಗಲವಾದ ಆವರ್ತನ ಪಟ್ಟಿಯಲ್ಲಿ ಹರಡಿದ ರೇಡಿಯೊ ಸಂಕೇತ, ಗದ್ದಲದೊಳಗೆ ಹುದುಗಿರುತ್ತದೆ. ಕಳಿಸಿದವರ ಕೋಡ್ ನಮ್ಮ ಬಳಿಯೂ ಇದ್ದು, ಅದನ್ನು ಸರಿಸುತ್ತ ಸರಿಯಾದ ಜಾಗದಲ್ಲಿ ಕೂರಿಸಿದಾಗ ಮಾತ್ರ ತಲೆಯೆತ್ತುತ್ತದೆ. ಧಾರವಾಡದ ಪಿ.ಬಿ. ರಸ್ತೆಯ ಬದಿಯಲ್ಲಿರುವ ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಮೂರು ಬಗೆಯಲ್ಲಿ ಮಾಡಿ ನೋಡಿದೆ.

ಮೊದಲನೆಯದು ಅಗ್ಗದ್ದು. 127 ಚಿಪ್‌ಗಳ (ಕೋಡಿನ ಒಂದೊಂದು ಒಂದು ಅಥವಾ ಸೊನ್ನೆಯೂ ಒಂದು ಚಿಪ್) ಕೋಡನ್ನು ಅರ್ಧ ಮಿಲಿಮೀಟರ್ ಅಗಲದ ಗೆರೆಗಳಾಗಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದೆ: ಒಂದು ಎಂದರೆ ಕಿಂಡಿ, ಸೊನ್ನೆ ಎಂದರೆ ಕಪ್ಪು. ಇನ್ನೊಂದು ಹಾಳೆಯಲ್ಲಿ ಅದೇ ಕೋಡ್ ಬೆನ್ನುಬೆನ್ನಿಗೆ ಎರಡು ಸಲ. ಹಿಂದೆ ಎಲ್‌ಇಡಿ ದೀಪ, ಮುಂದೆ ಲೆನ್ಸ್ ಮತ್ತು ಫೋಟೊಡಯೋಡ್. ಹಾಳೆ ಜಾರಿಸುತ್ತ ಹೋದರೆ, ಕೋಡ್ ಹೊಂದದ ಕಡೆಯೆಲ್ಲ 32 ಕಿಂಡಿಗಳಷ್ಟು ಬೆಳಕು ಬರುತ್ತದೆ. ಸರಿಯಾಗಿ ಕೂತಾಗ 64. ಬರೀ ಎರಡು ಪಟ್ಟು! ಲೆಕ್ಕದಲ್ಲಿ ಸೊನ್ನೆಯನ್ನು ಮೈನಸ್ 1 ಎಂದು ಹಿಡಿದರೆ ಇದೇ ಕೋಡ್ ಹೊಂದಿದಾಗ 127, ಹೊಂದದಿದ್ದಾಗ ಮೈನಸ್ 1 ಕೊಡುತ್ತದೆ. ಬೆಳಕಿನ ತೀವ್ರತೆಗೆ ಮೈನಸ್ ಎಂಬುದೇ ಇಲ್ಲ. ಹಾಗಾಗಿ ಕಿಂಡಿ, ಕಪ್ಪುಗಳನ್ನು ಅದಲುಬದಲು ಮಾಡಿದ ಮತ್ತೊಂದು ಹಾಳೆ ಮಾಡಿ, ಅದರ ಅಳತೆಯನ್ನು ಮೊದಲಿನದರಿಂದ ಕಳೆದೆ. ಹೊಂದದಿದ್ದಾಗ 32ರಲ್ಲಿ 32 ಹೋಗಿ ಸೊನ್ನೆ. ಹೊಂದಿದಾಗ 64 ಹಾಗೆಯೇ ಉಳಿಯಿತು. ವಿದ್ಯಾರ್ಥಿಗಳು ಹಾಳೆಗಳನ್ನು ನನ್ನ ಕೈಯಿಂದ ಇಸಿದುಕೊಂಡು ಮತ್ತೆ ಮತ್ತೆ ಜಾರಿಸಿದರು.

ಎರಡನೆಯದು 1964ರಲ್ಲಿ ವ್ಯಾಂಡರ್ ಲುಗ್ಟ್ ತೋರಿಸಿದ ದಾರಿ. ಲೆನ್ಸ್ ತಾನೇ ಫೂರಿಯೆ ರೂಪಾಂತರ (ಚಿತ್ರವನ್ನು ಅದರ ಆವರ್ತನಗಳಾಗಿ ಬಿಡಿಸುವುದು) ಮಾಡುತ್ತದೆ, ಹೊಲೊಗ್ರಾಮ್ ಫಿಲ್ಟರ್ ತರಂಗದ ಹಂತವನ್ನೂ (ಫೇಸ್) ಹಿಡಿದಿಡುತ್ತದೆ. ಜಾರಿಸುವ ಗೋಜಿಲ್ಲ, ಎಲ್ಲ ಸ್ಥಾನಗಳ ಉತ್ತರವೂ ಒಮ್ಮೆಗೇ ಸಿಗುತ್ತದೆ. ಇಷ್ಟು ಚೆಲುವಾದ ವಿಧಾನ ಇನ್ನೊಂದಿಲ್ಲ. ಆದರೆ 632.8 ನ್ಯಾನೊಮೀಟರ್ ಲೇಸರಿನಲ್ಲಿ ಫಿಲ್ಟರ್ ಮುದ್ರಿಸುವಾಗ ಬೆಳಕಿನ ದಾರಿ ಅರ್ಧ ತರಂಗದಷ್ಟು ಅಲುಗಿದರೆ ಹೊಲೊಗ್ರಾಮಿನ ಸೂಕ್ಷ್ಮ ಗೆರೆಗಳು ಅಳಿಸಿಹೋಗುತ್ತವೆ. ರಾತ್ರಿ ಹನ್ನೊಂದಕ್ಕೂ ರಸ್ತೆಯಲ್ಲಿ ಲಾರಿಗಳು ನಿಲ್ಲಲಿಲ್ಲ. ನಾಲ್ಕು ಹೊಲೊಗ್ರಾಮ್ ತಟ್ಟೆಗಳಲ್ಲಿ ಒಂದು ಮಾತ್ರ ದಕ್ಕಿತು. ಅದನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಲು ಎರಡು ದಿನ ಹಿಡಿಯಿತು.

ಮೂರನೆಯದು ಲ್ಯಾಪ್‌ಟಾಪ್. ತಾರಸಿಯ ಮೇಲೆ ಆಂಟೆನಾ ಇಟ್ಟು 1575.42 ಮೆಗಾಹರ್ಟ್ಸ್‌ನ ಜಿಪಿಎಸ್ ಸಂಕೇತ ಹಿಡಿದೆ. ಒಂದು ಮಿಲಿಸೆಕೆಂಡಿಗೆ 1023 ಚಿಪ್. ಲೆನ್ಸ್ ಮಾಡುವ ರೂಪಾಂತರವನ್ನೇ ಇಲ್ಲಿ ಅಂಕಿಗಳಲ್ಲಿ ಮಾಡುತ್ತೇವೆ. ಉಪಗ್ರಹದ ಓಟದಿಂದ ಆವರ್ತನ ಸರಿಯುವುದರಿಂದ 500 ಹರ್ಟ್ಸ್ ಹೆಜ್ಜೆಗಳಲ್ಲಿ ಅದನ್ನೂ ಹುಡುಕಬೇಕು. ಕೆಲಸ ಆಗಬೇಕಿದ್ದರೆ ನನ್ನ ಆಯ್ಕೆ ಇದೇ.

ತರಗತಿಗೆ ಮಾತ್ರ ಹಾಳೆಗಳನ್ನೇ ಒಯ್ಯುತ್ತೇನೆ. ಅದೇ ಅಗಲದ ಗೆರೆಗಳಲ್ಲಿ ಜಿಪಿಎಸ್ ಕೋಡ್ ಮುದ್ರಿಸಿದರೆ ಹಾಳೆ ಅರ್ಧ ಮೀಟರ್ ದಾಟುತ್ತದೆ. ಹುಬ್ಬಳ್ಳಿಯ ಮುದ್ರಣದ ಅಂಗಡಿಗಳಲ್ಲಿ ವಿಚಾರಿಸಬೇಕು.