ಮನೆಯ ಸದ್ದು ಅಳೆಯಲು ಮೈಕ್ ತಗೊಳ್ಳುವವರು ಮೊದಲು ಇದನ್ನು ಓದಿ

ಡಬ್ಬದ ಮೇಲೆ "ಶಬ್ದ ಅಳೆಯಲು" ಅಂತ ಬರೆದಿದೆ ಎಂದು ಯುಎಸ್‌ಬಿ ಮೈಕ್ ಕೊಳ್ಳಬೇಡಿ. ಅದರಲ್ಲಿ ಆಟೋ ಗೇನ್ (ಮಟ್ಟವನ್ನು ತಾನೇ ಏರಿಳಿಸುವುದು), ನಾಯ್ಸ್ ಸಪ್ರೆಶನ್ (ಹಿನ್ನೆಲೆ ಸದ್ದು ಅಳಿಸುವುದು) ಇದೆಯಾ, ಇದ್ದರೆ ಪೂರ್ತಿ ಆಫ್ ಮಾಡಲು ಬರುತ್ತದಾ ಅಂತ ಕೇಳಿ. ನಾನು ಕೇಳಿದ್ದೆ. ಅಂಥದ್ದೇನೂ ಇಲ್ಲ ಎಂದೇ ಹೇಳಿ ಮಾರಿದರು. ಅದು ಸುಳ್ಳು.

ನಮ್ಮ ಮಲಗುವ ಕೋಣೆಯ ಗೋಡೆಯಾಚೆ ಒಂದು ಪಂಪ್ ಇದೆ. ರಾತ್ರಿ ಹೊತ್ತು ಶುರುವಾದರೆ ತುಂಬಾ ಹೊತ್ತು ಗುಂಯ್‌ಗುಟ್ಟುತ್ತದೆ, ಅಮ್ಮನಿಗೆ ನಿದ್ದೆಯೇ ಇಲ್ಲ. ಕಟ್ಟಡ ನೋಡಿಕೊಳ್ಳುವವರು ಪುರಾವೆ ಕೇಳಿದರು ಅಂತ ರಾತ್ರಿಯೆಲ್ಲ ರೆಕಾರ್ಡ್ ಮಾಡಿ ಗ್ರಾಫ್ ಕೊಟ್ಟರೆ, ಪಂಪ್ ಶುರುವಾದಾಗ ಚೂರು ಏರಿಕೆ, ಕೆಲವೇ ಸೆಕೆಂಡಿಗೆ ಮತ್ತೆ ಸಪಾಟು! "ನಿಮ್ಮ ಅಳತೆಯೇ ಸದ್ದಿಲ್ಲ ಅನ್ನುತ್ತಿದೆಯಲ್ಲ" ಎಂದು ದೂರು ಮುಚ್ಚಿಬಿಟ್ಟರು. ಈಗಲೂ ಸಿಟ್ಟು ಬರುತ್ತದೆ.

ಮಾತಿಗೆಂದು ಮಾಡಿದ ಮೈಕ್‌ಗಳ ನಾಯ್ಸ್ ಸಪ್ರೆಶನ್ ಒಂದೇ ಸಮ ಬರುವ ಸದ್ದನ್ನು ಹುಡುಕಿ ಅಳಿಸುತ್ತದೆ. ಫ್ಯಾನ್, ಪಂಪ್, ಫ್ರಿಜ್, ಅಂದರೆ ನಾವು ಹಿಡಿಯಬೇಕಾದದ್ದೇ ಹೋಗುತ್ತದೆ. ಆಟೋ ಗೇನ್ ಇನ್ನೂ ಕೆಟ್ಟದ್ದು, ಮೌನವಿದ್ದಾಗ ಮಟ್ಟ ಏರಿಸಿ ಸದ್ದು ಜಾಸ್ತಿಯಾದಾಗ ಇಳಿಸುತ್ತದೆ, ಹಾಗಾಗಿ ಎರಡು ಹೊತ್ತಿನ ಅಳತೆಯನ್ನು ಹೋಲಿಸಲು ಆಗುವುದೇ ಇಲ್ಲ.

ಮೈಕ್ ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ. 1000 ಹರ್ಟ್ಸ್‌ನ ಒಂದೇ ಸ್ವರವನ್ನು ಸ್ಪೀಕರಿನಲ್ಲಿ ಒಂದೆರಡು ನಿಮಿಷ ಬಿಡಿ. ನಡುವೆ ಆ ಸ್ವರದ ಆಡಿಯೋ ಫೈಲಿನಲ್ಲೇ ಮಟ್ಟವನ್ನು 10 ಡೆಸಿಬೆಲ್ ಇಳಿಸಿರಬೇಕು. ಸ್ಪೀಕರ್, ಮೈಕ್ ಯಾವುದನ್ನೂ ಅಲುಗಾಡಿಸಬೇಡಿ. ಗ್ರಾಫ್ ಕೂಡ 10 ಇಳಿದು ಅಲ್ಲೇ ನಿಲ್ಲಬೇಕು. ಮೆಲ್ಲಗೆ ಮೇಲೇರಿದರೆ, ಅಥವಾ ಸ್ವರವೇ ಕರಗಿಹೋದರೆ, ವಾಪಸ್ ಕಳಿಸಿ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲೂ ಇದೇ ಕಾಟ ಇರಬಹುದು, ಅದನ್ನು ಮೊದಲೇ ಆಫ್ ಮಾಡಿಕೊಳ್ಳಿ.

ಮೈಕ್ ಚೆನ್ನಾಗಿದ್ದರೂ ಬರೀ ಡಿಬಿಎ (ಎ-ವೇಟಿಂಗ್ ಹಾಕಿದ ಡೆಸಿಬೆಲ್) ಅಂಕಿ ಕೊಡಬೇಡಿ. ಎ-ವೇಟಿಂಗ್ ಅಂದರೆ ನಮ್ಮ ಕಿವಿಗೆ ಕೇಳಿಸುವ ರೀತಿಗೆ ಅಂಕಿಯನ್ನು ಹೊಂದಿಸುವ ಲೆಕ್ಕ, ಅದು 100 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್, 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬೆಲ್ ಕಳೆದುಬಿಡುತ್ತದೆ, ಪಂಪಿನ ಗುಂಯ್ ಇರುವುದು ಹೆಚ್ಚಾಗಿ ಆ ಕೆಳಗಿನ ಭಾಗದಲ್ಲೇ ಅಲ್ವಾ. ಜೊತೆಗೆ ಕೆಳಗಿನ ಸದ್ದನ್ನು ಅಷ್ಟಾಗಿ ಕಳೆಯದ ಸಿ-ವೇಟಿಂಗ್ ಅಂಕಿ, ಸ್ಪೆಕ್ಟ್ರಮ್ (ಯಾವ ಹರ್ಟ್ಸ್ ಹತ್ತಿರ ಎಷ್ಟು ಸದ್ದಿದೆ ಎಂಬ ಚಿತ್ರ) ಎರಡೂ ಇರಲಿ. ಸ್ಪೆಕ್ಟ್ರಮ್‌ನಲ್ಲಿ 50 ಅಥವಾ 60 ಹರ್ಟ್ಸ್ ಹತ್ತಿರ ಗೆರೆ ಕಂಡರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಗೆರೆ ಮಾಯವಾದರೆ ಅದು ವೈರಿನಲ್ಲಿ ಬಂದದ್ದು, ಕೋಣೆಯ ಸದ್ದಲ್ಲ.

ಕ್ಲಾಸ್ 2 (ನಿಖರತೆಯ ಒಂದು ದರ್ಜೆ) ಸೌಂಡ್ ಲೆವೆಲ್ ಮೀಟರ್ ಬಾಡಿಗೆಗೆ ತಂದು ಮತ್ತೆ ಅಳೆದು ದೂರು ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಮೈಕ್ ಮಾರಿದವರು ಮಾತ್ರ ಹಿಂತಿರುಗಿಸುವ ಅವಧಿ ಮುಗಿಯಿತು ಎಂದು ಕೈ ತೊಳೆದುಕೊಂಡರು.