ಜಗತ್ತಿನ ಆರ್ಥಿಕ ಬಿಕ್ಕಟ್ಟಿನ ಬಗ್ಗೆ ಮಂದಿಗಿ ಮಾತಾಡ್ಸಬೇಕಂದ್ರ ಲೈವ್ ಛಲೋನೋ, ಮೀಟ್ ಛಲೋನೋ, ವಾಯ್ಸ್ ನೋಟ್ ಛಲೋನೋ?

ಕಲಬುರಗಿಯಾಗ ನಾವೊಂದಿಷ್ಟು ಮಂದಿ, ಗಂಜ್‌ನಾಗ ಅಡತಿ ಲೆಕ್ಕ ಬರಿಯೋರು, ಕಾಲೇಜ್‌ನಾಗ ಪಾಠ ಮಾಡೋರು, ಆಳಂದ ಚಿತ್ತಾಪುರ ಕಡಿ ತೊಗರಿ ಬೆಳಿಯೋರು, ಎಲ್ಲಾ ಸೇರಿ 2022ರಾಗ ಆನ್‌ಲೈನ್ ಚರ್ಚಾ ಶುರು ಮಾಡಿದ್ವಿ. ಆ ವರ್ಷ ನೆನಪದಲ್ಲ, ಏಪ್ರಿಲ್‌ನಾಗ ಶ್ರೀಲಂಕಾ ಹೊರಗಿನ ಸಾಲ ಕಟ್ಟಲಿಕ್ಕಿ ಆಗಲ್ಲ ಅಂತ ಕೈ ಎತ್ತಿತು, ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣಿ ರೇಟ್ ಏರಿತು, ಮೇ ತಿಂಗಳಿಂದ ಆರ್‌ಬಿಐ ರೆಪೊ ದರ, ಅಂದ್ರ ತಾನು ಬ್ಯಾಂಕ್‌ಗಳಿಗಿ ಕೊಡೋ ಸಾಲದ ಬಡ್ಡಿ, ಏರಸ್ಲಿಕ್ಕಿ ಹತ್ತಿತು. ಎಲ್ಲಾರ ಬಾಯಾಗೂ ಇದೇ ಮಾತು, ಆದ್ರ ಟಿವಿಯಾಗ ಮಾತಾಡೋರು ಯಾರೂ ನಮ್ಮೋರಲ್ಲ. ಅದಕ್ಕ ನಾವೇ ಬ್ಯಾರೆ ಬ್ಯಾರೆ ದಾರಿ ಟ್ರೈ ಮಾಡಿ ನೋಡೀವಿ, ಯಾವುದ್ರಾಗ ಏನಾಯ್ತು ಅಂತ ಹೇಳ್ತೀನಿ.

ಮೊದಲು ಫೇಸ್‌ಬುಕ್ ಲೈವ್. ಮಂದಿ ಸೇರೋದ್ರಾಗ ಇದಕ್ಕ ಸಮ ಯಾವುದೂ ಇಲ್ಲ. 2008 ಸೆಪ್ಟೆಂಬರ್ 15ಕ್ಕ ಲೇಮನ್ ಬ್ರದರ್ಸ್ ದಿವಾಳಿ ಆಗಿದ್ದು, ಮನಿ ಸಾಲ ವಾಪಸ್ ಬರದೆ ಅಮೆರಿಕಾದ ಬ್ಯಾಂಕ್‌ಗಳು ಒಂದರ ಹಿಂದ ಒಂದು ಬಿದ್ದಿದ್ದು, ಇದೆಲ್ಲಾ ನಮ್ಮ ಮೇಷ್ಟ್ರು ಭಾಳ ಛಂದ ಹೇಳಿದ್ರು. ಕೆಳಗ ಕಮೆಂಟ್ ನೋಡಿದ್ರ ಸೂಪರ್ ಸರ್, ನಮಸ್ಕಾರ ಸರ್, ಆಮ್ಯಾಗ ಯಾವನೋ ಒಬ್ಬ ಪಾರ್ಟಿ ಹೆಸರು ತಗದ, ಅಲ್ಲಿಗಿ ಮುಗೀತು. ನಡಕ ಒಬ್ರು ಆವಾಗ ನಮ್ಮ ದೇಶದ ಬ್ಯಾಂಕ್‌ಗಳಿಗಿ ಪೆಟ್ಟು ಯಾಕ ಕಡಿಮಿ ಅಂತ ಕೇಳಿದ್ದು ಎಷ್ಟು ಛಲೋ ಪ್ರಶ್ನೆ, ಅದು ಮ್ಯಾಲ ಹೋಗಿಬಿಡ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಲೈವ್ ಅಂದ್ರ ಭಾಷಣ, ಚರ್ಚಾ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಗೂಗಲ್ ಮೀಟ್, ಝೂಮ್ ಎರಡೂ ನೋಡೀವಿ. ರೊಕ್ಕ ಕೊಡದೆ ಬಳಸಿದ್ರ ಝೂಮ್ 40 ನಿಮಿಷಕ್ಕ ಕಟ್ ಆಗ್ತದ, ಮೀಟ್ ಒಂದು ತಾಸು ಕೊಡ್ತದ, ಹಂಗಾಗಿ ಮೀಟ್‌ಗೇ ನನ್ನ ಓಟು, ಯಾಕಂದ್ರ ಮೊದಲಿನ ಹತ್ತು ಹದಿನೈದು ನಿಮಿಷ ಕೇಳ್ತದೇನ್ರಿ, ಮ್ಯೂಟ್ ತಗೀರಿ ಅನ್ನೋದ್ರಾಗೇ ಹೋಗ್ತದ. ಆದ್ರ ಮಾತಿನ ಆಳ ಅಂದ್ರ ಇದ್ರಾಗೇ ಸಿಕ್ಕಿದ್ದು. ಒಂದಿನ ರಾತ್ರಿ ದಾಲ್ ಮಿಲ್ ನಡಸೋರೊಬ್ರು ಮತ್ತ ತೊಗರಿ ಬೆಳಿಯೋ ಕಾಕಾ ಒಬ್ರು ಎದುರಾಬದುರು ಕುಂತ್ರು. 2021 ಮೇದಿಂದ ತೊಗರಿ ಆಮದಿಗಿ ತಡಿ ತಗದಿದ್ರು, ಮ್ಯಾನ್ಮಾರ್, ಮೊಝಾಂಬಿಕ್, ತಾಂಜಾನಿಯಾ, ಮಲಾವಿಯಿಂದ ಬರ್ತದ, ಡಾಲರ್ ಮ್ಯಾಲ ಹೋಗಿ ರೂಪಾಯಿ ಬಿದ್ರ ಆ ಮಾಲು ತುಟ್ಟಿ ಆಗ್ತದ. ಮಿಲ್ಲಿನೋರು ಅದ್ರಿಂದ ನಮಗ ನಷ್ಟ ಅಂದ್ರು, ಕಾಕಾ ಅವರು ಅದೇ ನಮಗ ಆಸರ ಅಂದ್ರು, ಹೊರಗಿನ ಮಾಲು ಅಗ್ಗ ಬಂದ್ರ ನಮ್ಮ ರೇಟ್ ಬೆಂಬಲ ಬೆಲಿಗಿಂತ ಕೆಳಗ ಹೋಗ್ತದಲ್ರಿ ಅಂದ್ರು. ಜಗತ್ತಿನ ಬಿಕ್ಕಟ್ಟು ಎಲ್ಲಾರಿಗಿ ಒಂದೇ ರೀತಿ ಬಡಿಯಲ್ಲ ಅಂತ ಅವತ್ತು ನನಗ ಖರೇ ತಿಳೀತು. ಮುಖ ಕಾಣ್ತಿತ್ತು ಅಂತಲೇ ಜಗಳ ಆಗ್ಲಿಲ್ಲ ಅನ್ಸ್ತದ. ಕೊರತಿ ಏನಂದ್ರ ಬೆಂಗಳೂರು, ಪುಣೆ, ಹೈದರಾಬಾದ್‌ನಾಗ ಇರೋ ನಮ್ಮ ಹುಡುಗ್ರು ರಿಸೆಷನ್, ಲಿಕ್ವಿಡಿಟಿ ಅಂತ ಶುರು ಮಾಡಿದ್ರ ಊರಾಗಿನೋರು ಸುಮ್ನಾಗಿಬಿಡ್ತಾರ, ಹೆಣ್ಮಕ್ಕಳಂತೂ ರಾತ್ರಿ ಊಟದ ಟೈಮ್‌ನಾಗ ಬರೋದೇ ಕಷ್ಟ.

ಇನ್ನ ಮಂದಿ ಕೈಲಿ ಓಟು ಒತ್ತಿಸೋ ಪೋಲ್, ಆ ಐಡಿಯಾ ತೈವಾನ್‌ದು. ಅಲ್ಲಿ ಪೋಲ್.ಇಸ್ (Pol.is) ಅಂತ ಒಂದು ಸಾಫ್ಟ್‌ವೇರ್ ಬಳಸ್ತಾರ, 2015ರಾಗ ಊಬರ್ ಟ್ಯಾಕ್ಸಿ ತಕರಾರಿಗಿ ಮಂದಿ ಅಭಿಪ್ರಾಯ ತಗೊಂಡಿದ್ದು ಇದ್ರಾಗೇ. ರಿಪ್ಲೈ ಬಟನ್ನೇ ಇಲ್ಲ ಅದ್ರಾಗ, ಒಂದು ಸಣ್ಣ ಹೇಳಿಕಿ ಬರ್ತದ, ಒಪ್ತೀನಿ, ಒಪ್ಪಲ್ಲ, ಬಿಟ್ಟಬಿಡ್ತೀನಿ ಅಷ್ಟೇ ಒತ್ತೋದು. ನಾವು ಅದೇ ಧಾಟಿ ವಾಟ್ಸಾಪ್ ಪೋಲ್‌ನಾಗ ಮಾಡಿ, ಅಮೆರಿಕಾದಾಗ ಬ್ಯಾಂಕ್ ಮುಳುಗಿದ್ರ ನಮ್ಮ ಊರಿಗಿ ಸಂಬಂಧ ಇಲ್ಲ ಅಂತ ಹಾಕಿದ್ವಿ. ಬಾಯಿ ಬಿಡದೇ ಇದ್ದೋರು ಎಲ್ಲಾ ಒತ್ತಿದ್ರು. ಒಂದೇ ತೊಂದ್ರಿ, ಯಾರು ಯಾವುದಕ್ಕ ಒತ್ಯಾರ ಅಂತ ವಾಟ್ಸಾಪ್‌ನಾಗ ಹೆಸರು ಕಾಣ್ತದ, ದೊಡ್ಡೋರು ಒತ್ತಿದ್ದು ನೋಡಿ ಸಣ್ಣೋರು ಒತ್ತತಾರ. ಗೂಗಲ್ ಫಾರ್ಮ್‌ನಾಗ ಹೆಸರು ಕೇಳದೆ ಬಿಡಬಹುದು ಆದ್ರ ಲಿಂಕ್ ಒತ್ತಲಿಕ್ಕಿ ಮಂದಿ ಅಂಜ್ತಾರ, ರೊಕ್ಕ ಹೋಗ್ತದೇನೋ ಅಂತ. ಮಾತು ಶುರು ಮಾಡ್ಲಿಕ್ಕಿ ಪೋಲ್ ಸಾಕು, ಅದ್ರಾಚಿಗಿ ಬ್ಯಾಡ.

ಇನ್ನ ವಾಟ್ಸಾಪ್ ಗ್ರೂಪ್‌ನಾಗ ವಾಯ್ಸ್ ನೋಟ್. ನನಗ ಎಲ್ಲಾದಕ್ಕಿಂತ ಇದೇ ಮ್ಯಾಲ, ಮೀಟ್‌ಗಿಂತನೂ. ವಾರಕ್ಕೊಂದೇ ಪ್ರಶ್ನೆ, ಎರಡು ನಿಮಿಷದೊಳಗ ಮಾತು, ಫಾರ್ವರ್ಡ್ ಬಂದ್ರ ಅಡ್ಮಿನ್ ಅಳಿಸ್ತಾರ. ಕನ್ನಡ ಕೀಬೋರ್ಡ್ ಬರಲ್ಲ ಅನ್ನೋರಿಗಿ ಇದು ದೊಡ್ಡ ಬಿಡುಗಡಿ ನೋಡ್ರಿ, ಸೇಡಂ ಕಡಿಯೋರು ತೆಲುಗು ಕೂಡಿಸಿ ಮಾತಾಡ್ತಾರ, ಆಳಂದ ಕಡಿಯೋರು ಮರಾಠಿ, ನಗರದಾಗಿನೋರು ದಖನಿ, ಎಲ್ಲಾರಿಗೂ ತಿಳೀತದ. ಸ್ತ್ರೀಶಕ್ತಿ ಸಂಘದ ಅಕ್ಕೋರೊಬ್ರು ರೊಟ್ಟಿ ಬಡಿದು ಮುಗಿಸಿ ಕಳ್ಸಿದ ಪ್ರಶ್ನೆ, ಅಮೆರಿಕಾದಾಗ ಬಡ್ಡಿ ಏರಿದ್ರ ನಮ್ಮ ಸಂಘದ ಹೆಣ್ಮಕ್ಕಳ ಖರ್ಚು ಯಾಕ್ರಿ ಏರಬೇಕು ಅಂತ. ಇದಕ್ಕ ಮೂರು ದಿನ ಉತ್ತರ ಬಂದ್ವು. 2022 ಮಾರ್ಚ್‌ನಾಗ ಸೊನ್ನಿ ಹತ್ರ ಇದ್ದ ಅಮೆರಿಕಾದ ಬಡ್ಡಿ 2023 ಜುಲೈಗಿ 5.25–5.50 ಪರ್ಸೆಂಟ್ ನಡುವಿಗಿ ಬಂತು, ರೊಕ್ಕ ಅಲ್ಲಿಗಿ ಓಡ್ತು, ರೂಪಾಯಿ ಸೋತಿತು, ನಾವು ಬಳಸೋ ಕಚ್ಚಾ ಎಣ್ಣಿಯಾಗ ಹೆಚ್ಚಿಂದು ಹೊರಗಿಂದ ಡಾಲರ್ ಕೊಟ್ಟು ತರೋದು ಅಂತ ಒಬ್ರು ಹೇಳಿದ್ರ, ಲಾರಿ ಓಡ್ಸೋ ಅಣ್ಣ ಒಬ್ರು ಅದನ್ನ ಡೀಸೆಲ್ ಮತ್ತ ಬಾಡಿಗಿ ಲೆಕ್ಕದಾಗ ಬಿಡಿಸಿದ್ರು, ರೆಪೊ ದರ 4ರಿಂದ 6.5ಕ್ಕ ಹೋಗಿದ್ರಿಂದ ಮನಿ ಸಾಲದ ಕಂತು ಏರಿದ್ದು ಇನ್ನೊಬ್ರು ಹೇಳಿದ್ರು. ಯಾವ ಪುಸ್ತಕದಾಗೂ ಇದು ಹಿಂಗ ಪೂರ್ತಿ ಒಂದೇ ಕಡಿ ನನಗ ಸಿಕ್ಕಿರಲಿಲ್ಲ.

ಫಾರ್ವರ್ಡ್ ಯಾಕ ಬ್ಯಾಡ ಅಂದ್ರ 2023 ಮಾರ್ಚ್ ನೆನಸ್ಕೋರಿ. ಅಮೆರಿಕಾದಾಗ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ ಸುದ್ದಿ ಬಂದಿದ್ದೇ ತಡ, ನಮ್ಮ ಬ್ಯಾಂಕ್‌ನಾಗಿನ ರೊಕ್ಕನೂ ಹೋಗ್ತದ ಇವತ್ತೇ ತಗೀರಿ ಅನ್ನೋ ಮೆಸೇಜ್ ಇನ್ನೊಂದು ಓಪನ್ ಗ್ರೂಪ್‌ನಾಗ ಬಂತು, ವಯಸ್ಸಾದೋರು ಖರೇನೇ ಗಾಬರಿ ಆದ್ರು. ಭಾರತದಾಗ ಒಬ್ಬ ಠೇವಣಿದಾರಗ ಒಂದು ಬ್ಯಾಂಕ್‌ನಾಗ 5 ಲಕ್ಷದ ತನಕ ವಿಮಾ ಅದ, 2020 ಫೆಬ್ರವರಿ ಮೊದಲು 1 ಲಕ್ಷ ಇತ್ತು, ಇಷ್ಟು ಮಾತು ಒಂದು ವಾಯ್ಸ್‌ನಾಗ ಹಾಕಿದ ಮ್ಯಾಲ ನಮ್ಮ ಗ್ರೂಪ್ ತಣ್ಣಗಾಯ್ತು. ಪರಿಚಯದ ದನಿ ಅಂದ್ರ ಮಂದಿ ನಂಬ್ತಾರ.

ಕೊರತಿ ಇಲ್ಲಂತಲ್ಲ. ಎಲ್ಲಾ ವಾಯ್ಸ್ ಕೇಳ್ಲಿಕ್ಕಿ ಟೈಮ್ ಬೇಕು, ಹಳೇದು ಹುಡುಕ್ಲಿಕ್ಕಿ ಆಗಲ್ಲ, ಹಂಗಾಗಿ ವಾರದ ಕೊನಿಗಿ ಒಬ್ರು ಕುಂತು ಒಂದು ಪುಟ ಬರೀಲೇಬೇಕು. ಆ ಪುಟ ಯಾರಿಗಿ ಮುಟ್ಟಬೇಕು ಅನ್ನೋದು ಇನ್ನೊಂದು ಚಿಂತಿ. ಐಸ್‌ಲ್ಯಾಂಡ್‌ನಾಗ 2008ಕ್ಕ ಬ್ಯಾಂಕ್‌ಗಳು ಕುಸಿದ ಮ್ಯಾಲ 25 ಮಂದಿಯ ಸಮಿತಿ 2011ರಾಗ ಫೇಸ್‌ಬುಕ್‌ನಾಗೂ ಮಂದಿ ಮಾತು ಕೇಳಿ ಹೊಸ ಸಂವಿಧಾನದ ಕರಡು ಬರೀತು, 2012ರ ಜನಮತದಾಗ ಓಟ್ ಹಾಕಿದೋರಾಗ ಸುಮಾರು ಮೂರರಾಗ ಎರಡು ಪಾಲು ಹೌದು ಅಂದ್ರು, ಆದ್ರೂ ಪಾರ್ಲಿಮೆಂಟ್ ಪಾಸ್ ಮಾಡ್ಲಿಲ್ಲ. ಅಷ್ಟು ಸಣ್ಣ ದೇಶದಾಗೇ ಹಿಂಗ. ನಾವು ಸದ್ಯಕ್ಕ ಪುಟದ ಪ್ರಿಂಟ್ ತಗದು ಗಂಜ್‌ನಾಗ, ಕಾಲೇಜ್ ಲೈಬ್ರರ್ಯಾಗ ಇಡ್ತೀವಿ, ಆಮದು ವಿಷಯ ಇದ್ರ ಶಾಸಕರ ಆಫೀಸಿಗೂ ಕೊಡ್ತೀವಿ.

ನಿಮ್ಮ ಕಡಿ ಶುರು ಮಾಡೋದಿದ್ರ ಪೋಲ್‌ನಿಂದ ಪ್ರಶ್ನೆ ಆರಿಸ್ರಿ, ಚರ್ಚಾ ವಾಯ್ಸ್‌ನಾಗ ನಡಸ್ರಿ, ತಿಂಗಳಿಗೊಮ್ಮೆ ಮೀಟ್ ಇಡ್ರಿ, ಲೈವ್ ಬರೀ ಊರಿಗೆಲ್ಲಾ ಗೊತ್ತಾಗ್ಲಿಕ್ಕಿ. ಮತ್ತ ಡಿಸೆಂಬರ್, ಜನವರಿ ತೊಗರಿ ರಾಶಿ ಟೈಮ್‌ನಾಗ ಏನೂ ಇಡಬ್ಯಾಡ್ರಿ, ರೈತರಿಲ್ಲದೆ ಈ ಚರ್ಚಾ ನಡೆಯಲ್ಲ.