ವಿಯೆಟ್ನಾಂನಿಂದ ಕೊಪ್ಪಕ್ಕೆ: ಊರಿಗೆ ಸುದ್ದಿ ಮುಟ್ಟಿಸಲು ನಾನು ಹಿಡಿದ ದಾರಿಗಳು

2024ರ ನವೆಂಬರ್‌ನಲ್ಲಿ 24 ದಿನ ವಿಯೆಟ್ನಾಂ ಸುತ್ತಿದೆ. ಸೈಗಾನ್‌ನಲ್ಲಿ ಇಳಿದು, ಕಾಫಿ ಸೀಮೆ ಹೊಕ್ಕು, ಹೋಯ್ ಆನ್ ನೋಡಿ, ರೈಲಿನಲ್ಲಿ ಹನೋಯ್ ಸೇರಿದೆ. ಹೊರಡುವಾಗ ಅಮ್ಮ ಹೇಳಿದ್ದು ಇಷ್ಟೇ: "ದಿನಾ ಏನಾದ್ರೂ ಬರೀತಾ ಇರು ಮಾರಾಯ್ತಿ." ಎಲ್ಲಿ ಬರೆಯಬೇಕು, ಹೇಗೆ ಕಳಿಸಬೇಕು ಅನ್ನೋದು ನನ್ನ ತಲೆಗೇ ಬಿತ್ತು.

ಓದುವವರು ಯಾರ್‍ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೋಲಿಕೆ ಅರ್ಥವಾಗುವುದಿಲ್ಲ. ಕೊಪ್ಪದ ಹತ್ತಿರ ಕಾಫಿ ತೋಟದ ಮನೆಯಲ್ಲಿ ಅಪ್ಪಯ್ಯ, ಅಮ್ಮ, ತಮ್ಮ. ಅದೇ ಮನೆಯಲ್ಲಿ ದೊಡ್ಡಮ್ಮ, ಅವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಶಿವಮೊಗ್ಗದಲ್ಲಿ ಅಕ್ಕ, ಅವಳ ಒಂಬತ್ತು ವರ್ಷದ ಮಗ. ಇವರೆಲ್ಲರ ಜೊತೆಗೆ 34 ಜನರ ಕುಟುಂಬದ ವಾಟ್ಸಾಪ್ ಗ್ರೂಪು.

ಶುರುವಿನಲ್ಲಿ ಆ ಗ್ರೂಪನ್ನೇ ನೆಚ್ಚಿಕೊಂಡೆ. ಸುಲಭ ಅಲ್ವಾ, ಎಲ್ಲರೂ ಅಲ್ಲೇ ಇದ್ದಾರೆ. ಸೈಗಾನ್‌ನ ಹಳೇ ಅಂಚೆ ಕಚೇರಿಯ ಫೋಟೋ ಹಾಕಿದೆ. ಫ್ರೆಂಚರು 1886ರಿಂದ 1891ರ ನಡುವೆ ಕಟ್ಟಿಸಿದ ಕಟ್ಟಡ ಅದು. ಕಮಾನಿನ ಎತ್ತರದ ಚಾವಣಿ, ಗೋಡೆಯ ಮೇಲೆ ಎರಡು ಹಳೇ ನಕ್ಷೆ, ಒಳಗೆ ಹೋದರೆ ಎದುರಿಗೇ ಹೋ ಚಿ ಮಿನ್ ಚಿತ್ರ. ಹದಿನಾಲ್ಕು ಹೆಬ್ಬೆರಳು ಬಂದವು. ಎರಡು "ಸೂಪರ್ ಕಣೇ". ಇಷ್ಟರಲ್ಲೇ ಅರ್ಥವಾಗಬೇಕಿತ್ತು, ಆಗಲಿಲ್ಲ.

ಐದನೇ ದಿನ ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥುವೋಟ್ ತಲುಪಿದೆ. ವಿಯೆಟ್ನಾಂ ಕಾಫಿಯ ರಾಜಧಾನಿ ಅಂದರೆ ಇದೇ ಊರು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ, ಅದರಲ್ಲೂ ಬಹುಪಾಲು ರೊಬಸ್ಟಾ ಜಾತಿಯ ಕಾಫಿ. ನಮ್ಮಲ್ಲಿ ರೊಬಸ್ಟಾ ಕೊಯ್ಲು ಜನವರಿಯ ಹೊತ್ತಿಗೆ. ಅಲ್ಲಿ ನವೆಂಬರ್‌ಗೇ ಭರಾಟೆ. ಮನೆ ಅಂಗಳ, ರಸ್ತೆ ಬದಿ, ಎಲ್ಲೆಂದರಲ್ಲಿ ಟಾರ್ಪಾಲು ಹಾಸಿ ಹಣ್ಣು ಒಣಗಿಸಿದ್ದರು. ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ, ಸುಮ್ನೆ.

ಅಪ್ಪಯ್ಯ ಉತ್ತರ ಬರೆದರು! ಆ ಗ್ರೂಪಿನಲ್ಲಿ ಅವರು ಅಕ್ಷರ ಬರೆದದ್ದು ಅದೇ ಮೊದಲು. "ಕಣ ಇಲ್ವಾ ಅವರಿಗೆ? ಗಿಡಕ್ಕೆ ನೆರಳು ಎಂತದ್ದು?"

ಅವತ್ತೇ ಒಬ್ಬ ಮಾವನ ಹುಟ್ಟುಹಬ್ಬ. ಅಪ್ಪಯ್ಯನ ಪ್ರಶ್ನೆಯ ಕೆಳಗೆ ಕೇಕು, ಬಲೂನು, ದೇವರ ಪಟ, ಒಟ್ಟು ನಲವತ್ತೊಂದು ಮೆಸೇಜು ಸುರಿದವು. ನನಗೆ ಪ್ರಶ್ನೆ ಕಣ್ಣಿಗೆ ಬಿದ್ದದ್ದೇ ಮಾರನೇ ದಿನ. ನಾನು ಕೊಟ್ಟ ಉತ್ತರ ಅಪ್ಪಯ್ಯನಿಗೆ ಸಿಗಲೇ ಇಲ್ಲ. "ಎಲ್ಲೋ ಮೇಲೆ ಹೋಯ್ತು ಬಿಡು" ಅಂದರಂತೆ. ಗ್ರೂಪಿನ ಗುಣವೇ ಅದು. ಅಲ್ಲಿ ತೋರಿಸಬಹುದು, ಮಾತು ಮುಂದುವರಿಸಲು ಆಗುವುದಿಲ್ಲ. ಸ್ಟೇಟಸ್ ಹಾಕಿಯೂ ನೋಡಿದೆ. 24 ತಾಸಿಗೆ ಮಾಯ. ತೋಟಕ್ಕೆ ಹೋಗಿ ಬಂದು, ಊಟ ಮಾಡಿ, ಎರಡು ದಿನಕ್ಕೊಮ್ಮೆ ಫೋನು ಹಿಡಿಯುವವರಿಗೆ ಅದರಿಂದ ಏನು ಪ್ರಯೋಜನ?

ವಿಡಿಯೋ ಕಾಲ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹತ್ತು ನಿಮಿಷದಲ್ಲಿ ಏಳು ನಿಮಿಷ "ಕೇಳಿಸ್ತಾ? ಈಗ ಕೇಳಿಸ್ತಾ?" ಉಳಿದ ಮೂರು ನಿಮಿಷ ಊಟ ಆಯ್ತಾ. ಅಮ್ಮನಿಗೆ ನನ್ನ ಮುಖ ಕಂಡರೆ ಸಾಕಿತ್ತು, ಅಷ್ಟಕ್ಕೆ ಅದು ಬೇಕು. ವಿಯೆಟ್ನಾಂ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಾನು ರಾತ್ರಿ ಒಂಬತ್ತಕ್ಕೆ ಬಿಡುವಾಗುವ ಹೊತ್ತಿಗೆ ಅಲ್ಲಿ ಏಳೂವರೆ, ಅಂದರೆ ಸೀರಿಯಲ್ ಹೊತ್ತು. ಪೈಪೋಟಿಯಲ್ಲಿ ನಾನೇ ಸೋತೆ.

ಗ್ರೂಪಿನ ಸಹವಾಸ ಸಾಕಾಗಿ, ಏಳನೇ ದಿನದಿಂದ ಉದ್ದದ ಕಾಗದ ಬರೆಯಲು ಕೂತೆ. ಮೂರು ದಿನಕ್ಕೊಂದು. ಫೋನಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದಲ್ಲ, ಹಾಗೆ ಹೇಳಿ, ಆಮೇಲೆ ತಪ್ಪು ತಿದ್ದಿ, ಎರಡು ಪುಟ. ಇಮೇಲ್‌ನಲ್ಲಿ ತಮ್ಮನಿಗೆ. ಅವನು ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತರಬೇಕು. ಮೊದಲ ಸಲ ವರ್ಡ್ ಫೈಲ್ ಕಳಿಸಿ ಕೆಟ್ಟೆ. ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ನಿಂತಿದ್ದವಂತೆ. ಪಿಡಿಎಫ್ ಮಾಡಿ ಕಳಿಸಿದ ಮೇಲೆ ಸರಿಹೋಯಿತು. ಅಕ್ಷರದ ಗಾತ್ರ 16 ಇಡಿ, ಹಿರಿಯರು ಕನ್ನಡಕ ಹುಡುಕುವುದು ತಪ್ಪುತ್ತದೆ.

ಮಾರನೇ ದಿನ ಬೆಳಿಗ್ಗೆ ತಮ್ಮ ಒಂದು ಫೋಟೋ ಕಳಿಸಿದ. ನನ್ನ ಕಾಗದವೇ. ಅಂಚಿನ ತುಂಬ ಅಪ್ಪಯ್ಯನ ಪೆನ್ಸಿಲ್ ಅಕ್ಷರ. "ಗಿಡದಿಂದ ಗಿಡಕ್ಕೆ ಎಷ್ಟು ಅಡಿ?" "ಮೆಣಸು ಯಾವ ಮರಕ್ಕೆ ಹಬ್ಬಿಸ್ತಾರೆ?" "ನೀರು ಎಲ್ಲಿಂದ?" ಕಾಫಿ ಕುಡಿದ ಅಂಗಡಿಯ ಬಗ್ಗೆ ನಾನು ಬರೆದಿದ್ದ ಆರು ಸಾಲಿನ ಪಕ್ಕ ಏನೂ ಇರಲಿಲ್ಲ, ಒಂದು ಗೀಟು ಬಿಟ್ಟರೆ.

ಅವತ್ತು ಡ್ರೇ ನೂರ್ ಜಲಪಾತಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಜಲಪಾತ ಕೊಪ್ಪದವರಿಗೆ ಹೊಸದೇನಲ್ಲ. ಪ್ರಶ್ನೆಗಳ ಪಟ್ಟಿ ಹಿಡಿದು ಒಬ್ಬ ಬೆಳೆಗಾರರ ತೋಟಕ್ಕೆ ಹೋದೆ. ಫೋನಿನ ಅನುವಾದ ನಡುವೆ ಹಿಡಿದುಕೊಂಡು ಮಾತಾಡಿದೆವು. ಗಿಡದಿಂದ ಗಿಡಕ್ಕೆ ಮೂರು ಮೀಟರ್, ಅಂದರೆ ಹತ್ತು ಅಡಿ. ನೆರಳು ಅನ್ನುವಂಥದ್ದು ಕಡಿಮೆ, ಹೆಚ್ಚಿನ ತೋಟ ಬಿಸಿಲಿಗೇ ಬಿಚ್ಚಿಕೊಂಡಿವೆ. ನಮ್ಮ ಹಾಗೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿಸುವ ತಲೆಬಿಸಿ ಇಲ್ಲ. ಆದರೆ ಜನವರಿಯಿಂದ ಏಪ್ರಿಲ್‌ವರೆಗೆ ಬಾವಿಯಿಂದ, ಕೆರೆಯಿಂದ ಪಂಪು ಹಚ್ಚಿ ಬುಡಬುಡಕ್ಕೆ ನೀರು ಕೊಡಬೇಕು. ಕಾಫಿ ಹೂ ಅರಳಲು ಬೇಕಾದ ಹೂಮಳೆಗೆ ನಾವು ಆಕಾಶ ನೋಡುತ್ತೇವೆ, ಅವರು ಪೈಪು ಎಳೆಯುತ್ತಾರೆ. ಮೆಣಸಿನ ಬಳ್ಳಿಗೆ ಕಾಂಕ್ರೀಟ್ ಕಂಬ! ಈಚೆಗೆ ಕಾಫಿ ನಡುವೆ ದುರಿಯನ್ ಹಣ್ಣಿನ ಗಿಡವನ್ನೂ ಹಾಕುತ್ತಿದ್ದಾರೆ. ಇದನ್ನೆಲ್ಲ ಎರಡನೇ ಕಾಗದದಲ್ಲಿ ಬರೆದೆ. ಅಪ್ಪಯ್ಯ ಅದನ್ನು ಜಗಲಿಯಲ್ಲಿ ಕೂತು ಓದಿ, ಪಕ್ಕದ ತೋಟದವರಿಗೂ ಓದಿ ಹೇಳಿದರಂತೆ. ಆ ವರ್ಷ ರೊಬಸ್ಟಾ ರೇಟು ಹಿಂದೆಂದೂ ಕಾಣದಷ್ಟು ಏರಿತ್ತು, ಹಾಗಾಗಿ ಕೇಳುವವರೂ ಜಾಸ್ತಿ. ಕಾಂಕ್ರೀಟ್ ಕಂಬದ ಮೇಲೆ ಅಲ್ಲಿ ದೊಡ್ಡ ವಾದವೇ ನಡೆಯಿತು ಅಂತ ತಮ್ಮ ಹೇಳಿದ.

ಕಾಗದದ ದೋಷ ಮುಚ್ಚಿಡುವುದಿಲ್ಲ. ಒಂದು ಕಾಗದಕ್ಕೆ ಒಂದೂವರೆ ಗಂಟೆ ಬೇಕು. ದಿನವಿಡೀ ನಡೆದು ಕಾಲು ಬಿದ್ದುಹೋಗಿರುವಾಗ ಅದು ಶಿಕ್ಷೆ. ಊರಲ್ಲಿ ಪ್ರಿಂಟ್ ತೆಗೆಯುವ ಒಬ್ಬ ಪುಣ್ಯಾತ್ಮನೂ ಬೇಕು. ಗ್ರೂಪಿನ ಉಳಿದವರಲ್ಲಿ ಒಬ್ಬರೂ ಅದನ್ನು ಓದಲಿಲ್ಲ. ಅಕ್ಕ ಮೊದಲ ಪ್ಯಾರಾ ಓದಿ "ಆಮೇಲೆ ಓದ್ತೀನಿ" ಅಂದಳು. ಆ ಆಮೇಲೆ ಇನ್ನೂ ಬಂದಿಲ್ಲ.

ದೊಡ್ಡಮ್ಮನಿಗೆ ಕಾಗದ ಬೇಡ, ದನಿ ಬೇಕು. ಅವರಿಗಾಗಿ ವಾಯ್ಸ್ ಮೆಸೇಜ್. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮಿ ಸನ್‌ಗೆ ಹೋದ ದಿನ ಅಲ್ಲೇ ನಿಂತು ನಾಲ್ಕು ನಿಮಿಷ ಮಾತಾಡಿದೆ. ಹಿಂದೆ ಆ ಸೀಮೆ ಆಳಿದ ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವನ ಗುಡಿಗಳು, 4ನೇ ಶತಮಾನದಿಂದ 13ನೇ ಶತಮಾನದವರೆಗೆ. ಇಟ್ಟಿಗೆಗಳ ನಡುವೆ ಗಾರೆಯೇ ಕಾಣುವುದಿಲ್ಲ. 1969ರಲ್ಲಿ ಅಮೆರಿಕದ ಬಾಂಬಿಗೆ ಎಷ್ಟೋ ಗುಡಿ ಉರುಳಿದವು. ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ಕೆಲವನ್ನು ಸರಿಪಡಿಸಿದ್ದಾರೆ. 2020ರಲ್ಲಿ ಹಾಗೆ ಕೆಲಸ ನಡೆಯುವಾಗ 9ನೇ ಶತಮಾನದ ಒಂದು ಶಿವಲಿಂಗ ಸಿಕ್ಕಿತು. ನಾನು ಇಷ್ಟು ಹೇಳುವಾಗ ಹಿಂದೆ ಜಿಟಿಜಿಟಿ ಮಳೆ. ನಡು ವಿಯೆಟ್ನಾಂನಲ್ಲಿ ನವೆಂಬರ್ ಅಂದರೆ ಮಳೆಗಾಲವೇ. ದೊಡ್ಡಮ್ಮ ಅದನ್ನು ಎಷ್ಟು ಸಲ ಕೇಳಿದರೋ. ಅವರ ಉತ್ತರ ಎಂಟು ಸೆಕೆಂಡಿನದ್ದು: "ಪೂಜೆ ಆಗ್ತದಾ ಅಲ್ಲಿ? ಮಳೇಲಿ ನೆನೀಬೇಡ."

ಮಾರನೇ ಮೆಸೇಜು ಕಾರ್ತಿಕ ಹುಣ್ಣಿಮೆಯದು, ನವೆಂಬರ್ 15. ಅಲ್ಲಿನ ಬೌದ್ಧರಲ್ಲಿ ಎಷ್ಟೋ ಜನ ಚಾಂದ್ರ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲ. ಅಂಗಡಿ ಮುಂದೆ 'ಚಾಯ್' ಅಂತ ಬೋರ್ಡು ಕಂಡರೆ ಟೀ ಅಂದುಕೊಳ್ಳಬೇಡಿ, ಸಸ್ಯಾಹಾರ ಅಂತ ಅರ್ಥ. ಇದನ್ನು ಕೇಳಿದ ಮೇಲೆ ಮನೆಯಲ್ಲಿ ನನ್ನ ಊಟದ ಚಿಂತೆ ಅರ್ಧ ಕಡಿಮೆಯಾಯಿತು. ಬರೆದು ಹೇಳಿದ್ದರೆ ನಂಬುತ್ತಿರಲಿಲ್ಲವೇನೋ. ದನಿಯಲ್ಲಿ ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ ಅಂತ ಅಮ್ಮನ ವಾದ. ಆದರೆ ದನಿಯಲ್ಲಿ ಹೇಳಿದ್ದನ್ನು ಆಮೇಲೆ ಹುಡುಕಲು ಆಗುವುದಿಲ್ಲ. ಹತ್ತು ಅಡಿ ಅಂದೆಯೋ ಹನ್ನೆರಡು ಅಂದೆಯೋ ಅಂತ ಅಪ್ಪಯ್ಯನ ಥರ ಮತ್ತೆ ತೆಗೆದು ನೋಡುವವರಿಗೆ ಅದು ಆಗಿಬರುವುದಿಲ್ಲ.

ನಾನು ಹೋದಲ್ಲೆಲ್ಲ ನಕ್ಷೆಯ ಮೇಲೆ ಗೆರೆ ಎಳೆಯುತ್ತಾ ಹೋಗುವ ಒಂದು ಆ್ಯಪ್ ಕೂಡ ಹಾಕಿಕೊಂಡಿದ್ದೆ. ಅಕ್ಕನ ಮಗನಿಗೆ ಇದರ ಮುಂದೆ ಬೇರೆಲ್ಲ ಸಪ್ಪೆ. ಸೈಗಾನ್-ಹನೋಯ್ ರೈಲು ದಾರಿ 1,726 ಕಿಲೋಮೀಟರ್. ಡಾ ನಾಂಗ್‌ನಿಂದ ಮುಂದೆ ನಾನು ಆ ರೈಲು ಹತ್ತಿ ಹಾಯ್ ವಾನ್ ಘಟ್ಟ ದಾಟುವಾಗ ಅವನು ಶಾಲೆಯ ಅಟ್ಲಾಸ್ ಬಿಚ್ಚಿಕೊಂಡು ಕೂತಿದ್ದನಂತೆ. ಸಮುದ್ರದ ಅಂಚಿಗೇ ಗೆರೆ ಹೋಗಿದ್ದು ನೋಡಿ, ಚಿಕ್ಕಿ ನೀರಿಗೆ ಬೀಳ್ತಾಳಾ ಅಂತ ಕೇಳಿದನಂತೆ. ದೊಡ್ಡವರಿಗೆ ಮಾತ್ರ ಇದು ಕೂಡದು. ಅದಕ್ಕೂ ಮೊದಲು, ಬುವಾನ್ ಮಾ ಥುವೋಟ್‌ನಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ, ನಾನೇ ಫೋನನ್ನು ಬ್ಯಾಟರಿ ಉಳಿಸುವ ಸೆಟ್ಟಿಂಗಿಗೆ ಹಾಕಿ ಮಲಗಿಬಿಟ್ಟಿದ್ದೆ. ಚುಕ್ಕಿ ಗುಡ್ಡದ ನಡುವೆ ಐದು ಗಂಟೆ ಅಲ್ಲಾಡಲಿಲ್ಲ. ಅಮ್ಮನೂ ಮಲಗಲಿಲ್ಲ. ಬೆಳಿಗ್ಗೆ ಬೈಗುಳ ನನಗೆ, ಆ್ಯಪ್ ತೋರಿಸಿಕೊಟ್ಟ ತಪ್ಪಿಗೆ ಅಕ್ಕನಿಗೂ ಒಂದಿಷ್ಟು.

ಮುಂದಿನ ಸಲ ಏನು ಮಾಡುತ್ತೇನೆ? ಕಾಗದ, ಖಂಡಿತ. ಮೂರು ದಿನಕ್ಕಲ್ಲ, ನಾಲ್ಕಕ್ಕೊಂದು. ಮತ್ತು ಒಂದೇ ಊರಲ್ಲಿ ಎರಡು ದಿನ ಜಾಸ್ತಿ ಉಳಿಯುವಂತೆ ಟಿಕೆಟ್ ಮಾಡುತ್ತೇನೆ, ಪೆನ್ಸಿಲ್ ಪ್ರಶ್ನೆ ಬರುವವರೆಗೆ ಅಲ್ಲೇ ಇರಬೇಕಲ್ಲ. ದೊಡ್ಡಮ್ಮನಿಗೆ ದನಿ. ಗ್ರೂಪಿಗೆ "ತಲುಪಿದೆ" ಅನ್ನೋ ಒಂದು ಪದ, ಅದರಲ್ಲೂ ಟಿವಿಯಲ್ಲಿ ಆ ಕಡೆಯ ಮಳೆ ಸುದ್ದಿ ಬಂದ ದಿನ ತಪ್ಪದೆ. ನಕ್ಷೆ ಹುಡುಗನಿಗೆ ಮಾತ್ರ, ಅಜ್ಜಿಗೆ ತೋರಿಸುವುದಿಲ್ಲ ಅಂತ ಆಣೆ ಮಾಡಿಸಿಕೊಂಡು.

ಮರೆತಿದ್ದೆ, ಎರಡನೇ ದಿನ ಸೈಗಾನ್ ಅಂಚೆ ಕಚೇರಿಯಲ್ಲೇ ಒಂದು ಪೋಸ್ಟ್‌ಕಾರ್ಡ್ ಹಾಕಿದ್ದೆ. ಅದು ಕೊಪ್ಪ ತಲುಪಿದ್ದು ಡಿಸೆಂಬರ್ 5ಕ್ಕೆ. ನಾನು ಬಂದು ಒಂಬತ್ತು ದಿನವಾಗಿತ್ತು. ಪೋಸ್ಟಿನವರು ಕೊಟ್ಟದ್ದನ್ನು ನಾನೇ ಇಸಿದುಕೊಂಡು ಅಪ್ಪಯ್ಯನ ಕೈಗೆ ಕೊಟ್ಟೆ. ಬರೆದದ್ದು ಎರಡೇ ಸಾಲು: "ಇಲ್ಲಿ ತುಂಬಾ ಸೆಕೆ. ಹಾಲಿನ ಪುಡಿಯಲ್ಲ, ಮಂದ ಸಿಹಿ ಹಾಲು ಹಾಕಿ ಕಾಫಿ ಕೊಡ್ತಾರೆ." ಅಪ್ಪಯ್ಯ ಕನ್ನಡಕ ಏರಿಸಿ ಎರಡು ಸಲ ಓದಿದರು. ಎದುರಿಗೇ ಕೂತಿದ್ದ ನನ್ನನ್ನು ಬಿಟ್ಟು, ಕಿಸೆಯಿಂದ ಪೆನ್ಸಿಲ್ ತೆಗೆದು ಅಂಚಿನಲ್ಲಿ ಬರೆದರು: "ಚಿಕೋರಿ ಎಷ್ಟು?"